ಮದುಮಗ ಮಾದಸ್ವಾಮಿಯ ಡಿಶ್ಶು

ಹೂಗ್ಯಂಗೆ ಬಂದು ಮಾದಸ್ವಾಮಿಯ ಮನೆ ಎಲ್ಲಿ ಎಂದು ಕೇಳಿ ನೋಡಿ, ಯಾವ ಮಾದಸ್ವಾಮಿ ಎಂದು ನಿಮ್ಮನ್ನೇ ತಿರುಗಿಸಿ ಕೇಳುತ್ತಾರೆ. ಮಾದಪ್ಪನ ಸೀಮೆ ಇದು, ಬೀದಿಗೆ ನಾಲ್ಕು ಮಾದಸ್ವಾಮಿಗಳು ಸಿಗುತ್ತಾರೆ. ನೆಟ್ಟು ಮಾದಸ್ವಾಮಿ ಎನ್ನಬೇಕು. ಆಗ ಕೈಯಲ್ಲಿದ್ದ ಕೆಲಸ ಬಿಟ್ಟು, ಮೊದಲು ತಮ್ಮ ಮನೆಯ ನೆಟ್ಟು ನಿನ್ನೆಯಿಂದ ಯಾಕೋ ನಿಧಾನ ಎಂಬ ದೂರು ಹೇಳಿಕೊಂಡು, ಆಮೇಲೆ ದಾರಿ ತೋರಿಸುತ್ತಾರೆ.

ಕೊಳ್ಳೇಗಾಲದಲ್ಲಿ ಕೇಬಲ್ ಟಿವಿಯವರ ಹಿಂದೆ ಏಣಿ ಹೊತ್ತು ಕೆಲಸ ಕಲಿತವನು ಅವನು. ಪಂಚಾಯಿತಿ ಕಚೇರಿಯ ತನಕ ಫೈಬರ್ ಬಂದ ವರ್ಷ ಊರಿಗೆ ವಾಪಸಾದ. ಅದರ ಎಳೆಯೊಂದನ್ನು ತನ್ನ ಹೆಂಚಿನ ಮನೆಗೆ ಎಳೆದುಕೊಂಡು, ಅಲ್ಲಿಂದ ತಂತಿ ಹೋಗಲಾರದ ಹೊಲದ ಮನೆಗಳಿಗೆಲ್ಲ ಡಿಶ್ಶಿನಿಂದ ಡಿಶ್ಶಿಗೆ ಗಾಳಿಯಲ್ಲೇ ನೆಟ್ಟು ಹಾಯಿಸಿದ. ಮೊಬೈಲ್ ಸಿಗ್ನಲ್ ಬೇಕೆಂದರೆ ಊರಾಚೆಯ ಬಂಡೆ ಹತ್ತಿ ನಿಲ್ಲಬೇಕಾದ ಕಡೆ ಇದೇನು ಸಣ್ಣ ಮಾತಲ್ಲ. ಅವನಿಗೂ ಅದು ಗೊತ್ತಿತ್ತು, ಗೊತ್ತಿದೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಹಗ್ಗ, ಕೇಬಲ್ಲು, ಮಾತು, ಈ ಮೂರನ್ನೂ ಬೇಕಾದ್ದಕ್ಕಿಂತ ಒಂದು ಮಾರು ಉದ್ದ ಇಟ್ಟುಕೊಂಡಿರಬೇಕು ಎಂಬುದು ಅವನ ಸಿದ್ಧಾಂತ. ಎಲ್ಲೇ ಡಿಶ್ಶು ಕಟ್ಟಲಿ, ಪೈಪಿನ ಬುಡದಲ್ಲಿ ಎರಡು ಸುತ್ತು ಕೇಬಲ್ಲು ಹಾವಿನ ಮರಿಯ ಹಾಗೆ ಸುರುಳಿ ಮಲಗಿರುತ್ತಿತ್ತು. ಮಾತಿನ ವಿಷಯ ಬಿಡಿ, ಅದು ಮಾರುಗಟ್ಟಲೆ.

ಅವನು ಕಟ್ಟಿದ ಮೊತ್ತಮೊದಲ ಜೋಡಿ ಡಿಶ್ಶು ಮಾತ್ರ ದುಡಿಮೆಗಲ್ಲ, ಅಕ್ಕನಿಗೆ. ಒಂದು ತನ್ನ ಮನೆಯ ಸೂರಿನ ಮೇಲೆ, ಇನ್ನೊಂದು ಹಳ್ಳದಾಚೆ ಅಕ್ಕ ಪದ್ಮಿನಿಯ ಹೊಲದ ಮನೆಯ ನೀರಿನ ಟ್ಯಾಂಕಿನ ಮೇಲೆ. ಅವ್ವ ತೀರಿಕೊಂಡಾಗ ಮಾದಸ್ವಾಮಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅಕ್ಕನೇ ಸೊಂಟದ ಮೇಲೆ ಹೊತ್ತು ತಿರುಗಿದಳು, ಅಕ್ಕನೇ ಹೊಡೆದಳು, ಅಕ್ಕನೇ ಉಣ್ಣಿಸಿದಳು. ದೂರದ ಊರುಗಳಿಂದ ಗಂಡು ಬಂದಾಗ, ತಮ್ಮ ಕೂಗಿದರೆ ಕೇಳಿಸುವಷ್ಟು ಹತ್ತಿರದ ಮನೆಯಾದರೆ ಮಾತ್ರ ಎಂದು ಹಟ ಹಿಡಿದು ಹಳ್ಳದಾಚೆಯ ನಾಗರಾಜುವನ್ನೇ ಒಪ್ಪಿದವಳು ಅವಳು.

ಆ ಅಕ್ಕನಿಗೆ ಒಂದೇ ಒಂದು ಆಸೆ. ತಮ್ಮನ ಮದುವೆಯಲ್ಲಿ ಬಾಗಿಲು ತಡೆಯಬೇಕು.

ನಮ್ಮ ಕಡೆಯ ಶಾಸ್ತ್ರ ಅದು. ಮದುವೆ ಮುಗಿಸಿ ಹೆಣ್ಣು ಗಂಡು ಮನೆಗೆ ಬಂದಾಗ ಗಂಡಿನ ಅಕ್ಕನೋ ತಂಗಿಯೋ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಲ್ಲುತ್ತಾಳೆ. ನಿಮಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡುತ್ತೀರಾ ಎಂದು ಕೇಳುತ್ತಾಳೆ. ಕೊಡುತ್ತೇವೆ ಎಂದ ಮೇಲೆಯೇ ಕೈ ಇಳಿಯುವುದು, ಆಮೇಲೆ ಮದುಮಗಳು ಹೊಸಲಿನ ಮೇಲಿನ ಅಕ್ಕಿ ಸೇರು ಒದ್ದು ಒಳಗೆ ಬರುವುದು. ಮುಂದೆ ಯಾರೂ ಅದನ್ನು ಹಿಡಿದುಕೊಂಡು ಕೂರುವುದಿಲ್ಲ, ತಮಾಷೆಗೆ ತಮಾಷೆ, ಶಾಸ್ತ್ರಕ್ಕೆ ಶಾಸ್ತ್ರ. ತಮ್ಮ ಶಾಲೆಗೆ ಹೋಗುವುದಿಲ್ಲವೆಂದು ಅತ್ತಾಗಲೆಲ್ಲ ಪದ್ಮಿನಿ ಅವನನ್ನು ವಾಪಸು ಒಳಗೆ ಬಿಡದೆ ಬಾಗಿಲಿಗೆ ಕೈ ಚಾಚಿ ನಿಂತು, ಇವತ್ತು ಹೀಗೆ, ನಿನ್ನ ಮದುವೆಯ ದಿನವೂ ಹೀಗೇ ತಡೆಯುತ್ತೇನೆ ನೋಡ್ತಿರು ಎನ್ನುತ್ತಿದ್ದಳು. ಆದರೆ ಅವಳಿಗೆ ಹುಟ್ಟಿದ್ದು ಎರಡೂ ಹೆಣ್ಣು. ಮಗನೇ ಇಲ್ಲದವಳು ಯಾರಿಗೆ ಅಂತ ಕೇಳುತ್ತೀಯೇ ಎಂದು ಬೀದಿಯವರೆಲ್ಲ ರೇಗಿಸುವರು. ಮೂರನೆಯದಕ್ಕೆ ಬಸುರಿಯಾದಾಗ ಹೊಟ್ಟೆ ತಟ್ಟಿಕೊಂಡು, ಈ ಸಲ ಬರುವವನಿಗೆ ಎಂದಳು.

ಬಂದ. ಮದುವೆ ಕಳೆದ ಮೇಲೆ ಬರಬೇಕಾದವನು ಮದುವೆಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಬಂದ, ಗುಂಡುಗುಂಡಗೆ ಗಂಡುಮಗು. ಕೇಳುವುದಕ್ಕೆ ಮಗ ಸಿಕ್ಕಿದ, ಕೇಳುವವಳು ಬರುವ ಹಾಗಿಲ್ಲ. ಪುರುಡು. ಪುರುಡು ಕಳೆಯುವ ತನಕ ಬಾಣಂತಿ ಹೊಸಲು ದಾಟಿ ಮದುವೆ ಮನೆಗೆ ಕಾಲಿಡುವಂತಿಲ್ಲ, ಅವಳ ಗಂಡ ನಾಗರಾಜುವೂ ಅಷ್ಟೇ. ಮುಹೂರ್ತ ಮುಂದಕ್ಕೆ ಹಾಕೋಣವೆಂದರೆ ಹನೂರಿನ ಛತ್ರ ಮತ್ತೆ ಸಿಗುವುದು ಯಾವ ಕಾಲಕ್ಕೋ. ಪದ್ಮಿನಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ವಾರ ತಡೆದು ಬರಬಾರದಿತ್ತೇನೋ ನಿನಗೆ ಎಂದು ಬೈದು ಬೈದು ಅತ್ತಳಂತೆ.

ವಿಷಯ ಕೇಳಿದ ಮಾದಸ್ವಾಮಿ ಡಿಶ್ಶಿನ ಮೂಲಕವೇ ಫೋನು ಮಾಡಿದ. "ಅಳಬ್ಯಾಡ ಕಣಕ್ಕ. ನೀನು ಬಾಗ್ಲಿಗ ಬರದಿದ್ರ ಬಾಗ್ಲನ್ನೇ ನಿನ್ನ ತಕ್ಕ ತತ್ತೀನಿ. ಟಿವಿ ಒಳಗ ಕೈ ಚಾಚ್ಕಂಡು ನಿಂತ್ಕೊ. ಅದೆಂಗ ಒಳಕ್ಕ ಓದೇನು ನಾನು?"

ಬಾಗಿಲಿಗೆ ಅಡ್ಡಲಾಗಿ ಸ್ಟೂಲಿನ ಮೇಲೆ ದೊಡ್ಡ ಟಿವಿ ಇಡುವುದು, ಅದರ ತಲೆಯ ಮೇಲೊಂದು ಕ್ಯಾಮೆರಾ ಕೂರಿಸುವುದು, ಅದರಲ್ಲಿ ಅಕ್ಕ ನೇರವಾಗಿ ಬರುವುದು, ಇದು ಯೋಜನೆ. ದೊಡ್ಡವ್ವ ರಾಮಮ್ಮನ ಅಪ್ಪಣೆ ಬೇಕಿತ್ತು. ತಂದೆತಾಯಿ ಇಲ್ಲದ ಮನೆಗೆ ಅವಳೇ ಹಿರಿಯಳು, ಶಾಸ್ತ್ರದ ಮಟ್ಟಿಗೆ ಅವಳದೇ ಹೈಕೋರ್ಟು. ಎಲೆ ಅಡಿಕೆ ಅಗಿಯುತ್ತ ಯೋಚಿಸಿದಳು. ಶಾಸ್ತ್ರ ಇರುವುದು ಬಾಯಿಮಾತಿನಲ್ಲಿ, ಮೈಯಲ್ಲಲ್ಲ, ಆಗಬಹುದು ಎಂದಳು. ಆದರೆ ಮೊದಲೇ ಮಾತಾಡಿಸಿ ರೆಕಾರ್ಡು ಮಾಡಿ ಹಾಕಿದರೆ ನಡೆಯುವುದಿಲ್ಲ, ಆ ಗಳಿಗೆಗೆ ಅವಳೇ ಕೇಳಬೇಕು, ಇಲ್ಲವಾದರೆ ಚಿಕ್ಕಪ್ಪನ ಮಗಳು ಯಾರಾದರೂ ನಿಂತು ಕೇಳಲಿ ಎಂದೂ ಹೇಳಿದಳು. ಬೇರೆ ಯಾರೂ ನಿಲ್ಲಕೂಡದು ಎಂದ ಮಾದಸ್ವಾಮಿ. ನಿಂತರೆ ತಾನು ಬೀದಿಯಲ್ಲೇ ಸಂಸಾರ ಹೂಡುತ್ತೇನೆ ಎಂದ. ಅಂದೇ ಅಕ್ಕನನ್ನು ಟಿವಿಯಲ್ಲಿ ಬರಿಸಿ ಪರೀಕ್ಷೆ ಮಾಡಿ ನೋಡಿದರೆ ಚಿತ್ರ ಕಣ್ಣಿಗೆ ಒತ್ತಿಕೊಳ್ಳುವ ಹಾಗೆ ಬಂತು. ಮಗುವಿನ ಹುಬ್ಬಿನ ಕೂದಲು ಎಣಿಸಬಹುದಿತ್ತು.

ಮದುವೆಯ ಹಿಂದಿನ ದಿನ ಚಪ್ಪರ. ಬೆಳಗಾಗುವ ಮುಂಚೆಯೇ ಮಾದಸ್ವಾಮಿಗೆ ಅರಿಶಿನ ಮೆತ್ತಿ, ನೀರು ಹಾಕಿ, ಕೈಗೆ ಕಂಕಣ ಕಟ್ಟಿ, ತುದಿಗೆ ನಿಂಬೆಹಣ್ಣು ಚುಚ್ಚಿದ ಚೂರಿಯೊಂದನ್ನು ಹಿಡಿಸಿ ಒಳಗೆ ಕೂರಿಸಿದರು. ಅರಿಶಿನದ ಮೈಯವನು ಇನ್ನು ಛತ್ರಕ್ಕೆ ಹೊರಡುವ ತನಕ ಹೊಸಲು ದಾಟುವಂತಿಲ್ಲ. ರಾಮಮ್ಮ ಹೊಸಲಿಗೇ ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕಾವಲಿಗೆ ಕೂತಳು. ಹೊರಗೆ ಚಪ್ಪರದ ಗಲಾಟೆ. ಅದರ ಯಜಮಾನಿಕೆ ಸೋದರಮಾವ ಮುತ್ತಯ್ಯನದು, ತಮಿಳುನಾಡಿನ ಗಡಿಯ ಊರಿನವನು, ಎತ್ತಿದ ಕೆಲಸವನ್ನು ಒಂದಕ್ಕೆರಡು ಮಾಡಿಯೇ ಬಿಡುವ ಆಸಾಮಿ. ಹೆಣ್ಣು ಯಳಂದೂರಿನದು, ನೀರಾವರಿ ಸೀಮೆಯ ಬೀಗರು ಕಾಡಂಚಿನವರೆಂದು ನಮ್ಮನ್ನು ಹಗುರವಾಗಿ ನೋಡಬಾರದು ಎಂದು ಅವನು ಒಂದು ಟೆಂಪೊ ತುಂಬ ತೆಂಗಿನ ಗರಿ, ಮಾವಿನ ಸೊಪ್ಪು, ಹೊಂಗೆ ಸೊಪ್ಪು, ಗೊನೆ ಸಮೇತ ಬಾಳೆಕಂದು ಇಳಿಸಿದ್ದ. ಒಳಗಿನ ಕಿಟಕಿಯಿಂದ ನೋಡಿದರೆ ಬರೀ ಹಸಿರು. ಎಷ್ಟು ತಂಪಾಗಿದೆ ಎಂದುಕೊಂಡು ಮಾದಸ್ವಾಮಿ ಚಾಪೆಯ ಮೇಲೆ ಹಾಯಾಗಿ ಒರಗಿದ.

ಮಧ್ಯಾಹ್ನದ ಊಟದ ಹೊತ್ತಿಗೆ ಸುಮ್ಮನೆ ಒಂದು ಸಲ ನೋಡೋಣವೆಂದು ಟಿವಿ ಹಾಕಿದ. ಅಕ್ಕನ ಬಾಯಿ ಹಣೆಯ ಮೇಲೆ ಕೂತಿತ್ತು. ಮುಖವೆಲ್ಲ ಚೌಕ ಚೌಕವಾಗಿ, ಕಣ್ಣೊಂದು ಕಡೆ, ಮೂಗೊಂದು ಕಡೆ. ಮಾತು ತುಂಡು ತುಂಡು. ಫೋನಿನಲ್ಲಿ ವೇಗ ನೋಡಿದರೆ ಅರವತ್ತರಲ್ಲಿ ಓಡುತ್ತಿದ್ದ ಲಿಂಕು ಒಂದಕ್ಕೆ ಬಂದು ಏದುಸಿರು ಬಿಡುತ್ತಿತ್ತು. ಮಾದಸ್ವಾಮಿ ಎದ್ದು ಕೂತ.

ಮೊದಲ ಅನುಮಾನ ಮಂಗಗಳ ಮೇಲೆ. ಅಕ್ಕನ ಮನೆಯ ಡಿಶ್ಶನ್ನು ಅವು ಉಯ್ಯಾಲೆ ಮಾಡಿಕೊಂಡಿರಬೇಕು ಎಂದು ಭಾವ ನಾಗರಾಜುವನ್ನು ಟ್ಯಾಂಕು ಹತ್ತಿಸಿದ. ನಾಗರಾಜು ಮೆಣಸಿನ ಗಿಡಕ್ಕೆ ಔಷಧಿ ಹೊಡೆಯುವುದರಲ್ಲಿ ಗಟ್ಟಿಗ, ಡಿಶ್ಶಿನ ವಿಷಯದಲ್ಲಿ ಎಡ ಬಲ ಎರಡೂ ಅವನಿಗೆ ಒಂದೇ. ಒಂಚೂರು ಎಡಕ್ಕೆ ಎಂದರೆ ಇಡೀ ಡಿಶ್ಶನ್ನೇ ಮಾದಪ್ಪನ ಬೆಟ್ಟದ ಕಡೆ ತಿರುಗಿಸಿ, ಈಗ ನೋಡಿ, ದೇವರ ಕಡೆಗೇ ಇಟ್ಟಿದ್ದೇನೆ ಎಂದ. ಇದ್ದ ಒಂದು ಉಸಿರೂ ನಿಂತುಹೋಯಿತು. ಆಮೇಲೆ ಅದನ್ನು ಮೊದಲಿನ ಜಾಗಕ್ಕೆ ತರುವಷ್ಟರಲ್ಲಿ ಹೊತ್ತು ವಾಲಿತ್ತು.

ಎರಡನೆಯ ಅನುಮಾನ ನೆಂಟರ ಮೇಲೆ. ಮದುವೆಗೆ ಬಂದವರೆಲ್ಲ ವೈಫೈ ಪಾಸ್‌ವರ್ಡು ಇಸಕೊಂಡು ಮೂಲೆ ಮೂಲೆಯಲ್ಲಿ ಕೂತಿದ್ದರು. ಪಾಸ್‌ವರ್ಡು ಬದಲಾಯಿಸಿಬಿಟ್ಟ. ಮನೆಯಲ್ಲಿ ದಂಗೆ. ಕರೆದು ಎಲೆ ಹಾಕಿ ಅನ್ನ ಬಡಿಸದ ಹಾಗಾಯಿತು ಎಂದು ಅಡುಗೆಯವನೇ ಸೌಟು ಕೆಳಗಿಟ್ಟ. ರಾಮಮ್ಮ ನಡುವೆ ಬಂದು ಪಾಸ್‌ವರ್ಡು ವಾಪಸು ಕೊಡಿಸಿದಳು. ಕಿತ್ತುಕೊಂಡಾಗಲೂ ಕೊಟ್ಟಾಗಲೂ ವೇಗ ಮಾತ್ರ ಒಂದೇ, ಒಂದು.

ಆಮೇಲೆ ಸೀರಿಯಲ್ ದೀಪದ ಸರದಿ. ಅದರಿಂದ ಕರೆಂಟು ಕುಗ್ಗಿ ಡಿಶ್ಶಿಗೆ ಶಕ್ತಿ ಸಾಲುತ್ತಿಲ್ಲವೆಂದು ಒಳಗಿಂದಲೇ ಮೈನು ಇಳಿಸಿದ. ಹಸೆ ಬರೆಯುತ್ತಿದ್ದ ಹೆಂಗಸರು ಒಟ್ಟಿಗೆ ಕಿರುಚಿಕೊಂಡರು. ಕತ್ತಲಾದದ್ದೇ ಅಪಶಕುನ ಎಂದು ಒಬ್ಬಳು, ಮದುಮಗನೇ ಅಪಶಕುನ ಎಂದು ಇನ್ನೊಬ್ಬಳು. ಡಿಶ್ಶಿಗೆ ಕರೆಂಟು ಕೊಡುವ ಡಬ್ಬಿಯನ್ನೂ ಬಿಡಲಿಲ್ಲ. ಸ್ಕ್ರೂಡ್ರೈವರು ಹೊರಗಿನ ಚೀಲದಲ್ಲಿತ್ತು, ಕೈಯಲ್ಲಿದ್ದದ್ದು ಶಾಸ್ತ್ರದ ಚೂರಿ. ನಿಂಬೆಹಣ್ಣು ಕಿತ್ತು ಪಕ್ಕಕ್ಕಿಟ್ಟು ಅದರಲ್ಲೇ ಡಬ್ಬಿ ಬಿಚ್ಚಿದ. ಗಾಳಿ ದೆವ್ವ ಬಡಿಯದಿರಲಿ ಎಂದು ಕೊಟ್ಟ ಚೂರಿಯಲ್ಲಿ ಮದುಮಗ ಸ್ಕ್ರೂ ತಿರುಗಿಸುವುದನ್ನು ಕಂಡ ರಾಮಮ್ಮ ಹಣೆ ಚಚ್ಚಿಕೊಂಡಳು. "ಅದ್ಯಾವ ದೆವ್ವ ನಿನ್ನ ಮುಟ್ಟೀತಲಾ? ನಿನ್ನ ನೋಡುದ್ರ ಅದೇ ತಾಯತ ಕಟ್ಟುಸ್ಕಂಡದು."

ಕೊನೆಗೆ ಉಳಿದದ್ದು ತನ್ನ ಸೂರಿನ ಮೇಲಿನ ಡಿಶ್ಶು. ಅದನ್ನು ಕಣ್ಣಾರೆ ನೋಡಬೇಕು. ಮುಂದಿನ ಹೊಸಲಲ್ಲಿ ರಾಮಮ್ಮ. ಹಿತ್ತಿಲ ಬಾಗಿಲಿಗೆ ಹೋದರೆ ಅಲ್ಲೂ ಅವಳ ಕಾವಲಿನವರು. ಒಂದು ಹೆಜ್ಜೆ, ಒಂದೇ ಒಂದು ಹೆಜ್ಜೆ ಎಂದು ಗೋಗರೆದ. ಅರಿಶಿನದ ಮೈ ಕಣೋ ಎಂದರು. ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ಮೇಲೆ ನೋಡಿದರೆ ಎಲೆ, ಎಲೆಯ ಹಿಂದೆ ಎಲೆ. ಸರಿ, ಅಲ್ಲಿಂದಲೇ ಮುತ್ತಯ್ಯನನ್ನು ಕೂಗಿ, ಡಿಶ್ಶಿನ ಮುಂದೆ ಏನಾದರೂ ಅಡ್ಡ ಇದೆಯಾ, ಸರಿಯಾಗಿ ನೋಡಿ ಹೇಳಿ ಎಂದ.

ಮುತ್ತಯ್ಯ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಕಿರಿದು ಮಾಡಿ ನೋಡಿದ. "ಯಾನೂ ಅಡ್ಡ ಇಲ್ಲ ಕಣಪ್ಪ. ಲಕ್ಷಣವಾಗಿ ಅದ."

ಅವನು ಸುಳ್ಳು ಹೇಳಲಿಲ್ಲ. ದೇವರಾಣೆ, ಅವನ ಕಣ್ಣಿಗೆ ಅಡ್ಡ ಏನೂ ಕಾಣಲಿಲ್ಲ.

ಮಾರನೆಯ ದಿನ ಮುಂಜಾನೆ ಮಾದಸ್ವಾಮಿಯನ್ನು ಪೇಟ ಕಟ್ಟಿ, ಬಾಸಿಂಗ ಕಟ್ಟಿ, ತಲೆಯ ಮೇಲೆ ಕೊಡೆ ಹಿಡಿದು ಗಳಿಗೆ ಮೀರುತ್ತದೆಂದು ದಬ್ಬಿಕೊಂಡು ಹೋಗಿ ಕಾರಿಗೆ ಹಾಕಿದರು. ಹೊರಟ ಮದುಮಗ ಹಿಂದಿರುಗಿ ನೋಡಬಾರದು. ನೋಡಲು ಕತ್ತು ಹೊರಳಿಸಿದ ಪ್ರತಿ ಸಲವೂ ಯಾರೋ ಒಬ್ಬರು ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದರು.

ಹನೂರಿನ ಛತ್ರದಲ್ಲಿ ಮೊಬೈಲ್ ಸಿಗ್ನಲ್ಲಿಗೇನು ಬರವಿಲ್ಲ. ಅಲ್ಲಿಂದ ಕಳಿಸಿದ ಚಿತ್ರ ಮಾದಸ್ವಾಮಿಯ ಮನೆಯ ತನಕ ಸಲೀಸಾಗಿ ಹೋಗಿ, ಅಲ್ಲಿಂದ ಹಳ್ಳ ದಾಟಲಾಗದೆ ಮುಗ್ಗರಿಸುತ್ತಿತ್ತು. ಧಾರೆ ಎರೆಯುವಾಗ ಮಾದಸ್ವಾಮಿಯ ಒಂದು ಕೈ ಹೆಣ್ಣಿನ ಕೈಯ ಕೆಳಗೆ, ಇನ್ನೊಂದು ಕೈ ಪಂಚೆಯ ಮಡಿಕೆಯೊಳಗಿನ ಫೋನಿನ ಮೇಲೆ. ಎರಡೂ ಕೈ ಕೊಡಪ್ಪ, ಹೆಣ್ಣು ಒಂದು ಕೈಯಲ್ಲಿ ಹಿಡಿಯುವಂಥದಲ್ಲ ಎಂದು ಪುರೋಹಿತರು ಗದರಿದರು. ತಾಳಿ ಕಟ್ಟಿದ್ದೂ ಆಯಿತು. ಆ ಗಳಿಗೆಯಲ್ಲಿ ಅಕ್ಕನ ಟಿವಿಯಲ್ಲಿ ಏನು ಕಂಡಿತು ಎಂದು ಆಮೇಲೆ ವಿಚಾರಿಸಿದರೆ, ಪೇಟದ ಅರ್ಧ ಮತ್ತು ಯಾರದೋ ಮೊಣಕೈ. ಊಟದೆಲೆಯ ಮುಂದೆ ಕೂತವನು ಎರಡು ತುತ್ತಿಗೆ ಎದ್ದು, ಮೂಲೆಯಲ್ಲಿ ನಿಂತು ಫೋನು ಉಜ್ಜತೊಡಗಿದ. ಬೀಗರ ಕಡೆಯವರು, ಹುಡುಗನಿಗೆ ಹೊಟ್ಟೆ ಸರಿ ಇಲ್ಲವೇ ಎಂದು ಪಿಸುಗುಟ್ಟಿದರು.

ಮದುಮಗಳು ಆಶಾರಾಣಿ ಕಾಮಗೆರೆಯ ಆಸ್ಪತ್ರೆಯಲ್ಲಿ ನರ್ಸು. ದಿನಕ್ಕೆ ನೂರು ಜನರ ನರಳಾಟ ಕೇಳುವವಳು, ಹೊಟ್ಟೆ ನೋವೋ ಮನಸ್ಸಿನ ನೋವೋ ಎಂದು ಮುಖ ನೋಡಿಯೇ ಹೇಳಬಲ್ಲಳು. ಮನೆ ತುಂಬಿಸಿಕೊಳ್ಳಲು ಹೂಗ್ಯಂ ಕಡೆಗೆ ಕಾರು ಹೊರಟಾಗ, ಗಂಡನಾದವನು ಆಡುವ ಮೊದಲ ಮಾತಿಗೆಂದು ಸ್ವಲ್ಪ ಹೊತ್ತು ಕಾದಳು. ಅವನು ಫೋನನ್ನು ಕಿಟಕಿಯಾಚೆ ಹಿಡಿದಿದ್ದ. ಕೊನೆಗೆ ಅವಳೇ ಏನಾಗಿದೆ ಎಂದು ಕೇಳಿದಳು. ಕಟ್ಟೆ ಒಡೆಯಿತು. ಮಂಗ, ನಾಗರಾಜು, ಪಾಸ್‌ವರ್ಡು, ಚೂರಿ, ಅಕ್ಕ, ಅಕ್ಕ ಬಾಗಿಲಿಗೆ ಕೈ ಚಾಚುತ್ತಿದ್ದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಕ್ಕ ಕೇಳದೆ ತಾನು ಒಳಗೆ ಹೋದರೆ ಅದು ತನಗೆ ಮದುವೆಯೇ ಅಲ್ಲ ಎಂದುಬಿಟ್ಟ. ಆಮೇಲೆ ಯಾರ ಮುಂದೆ ಏನು ಹೇಳಿದೆ ಎಂದು ತಿಳಿದು ನಾಲಿಗೆ ಕಚ್ಚಿಕೊಂಡ.

ಆಶಾರಾಣಿ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಸ್ಪತ್ರೆಗೆ ಬಂದವರನ್ನು ಕೇಳುವ ಹಾಗೆಯೇ ಕೇಳಿದಳು. "ಯಾವತ್ತಿಂದ ಇಂಗಾಗದ?"

ನಿನ್ನೆ ಮಧ್ಯಾಹ್ನ ನೋಡಿದಾಗಿನಿಂದ ಎಂದ.

"ನೆನ್ನ ಬೆಳಗ್ಗ ಯಾನಾರ ಒಸ್ದಾಗಿ ಮಾಡುದ್ರಾ?"

ಏನೂ ಇಲ್ಲ, ಚಪ್ಪರ ಹಾಕಿದರು ಅಷ್ಟೇ ಎಂದ ಮಾದಸ್ವಾಮಿ. ಎಂದವನು ಹಾಗೇ ಬಾಯಿ ತೆರೆದುಕೊಂಡು ಕೂತ. ಹಸಿ ಸೊಪ್ಪೆಂದರೆ ನೀರು, ಬಾಳೆಕಂದೆಂದರೆ ನಿಂತ ನೀರು, ನೀರು ಅಂದರೆ ಈ ಸಿಗ್ನಲ್ಲಿಗೆ ಗೋಡೆ. ಯಾರದೋ ಹೊಲದಲ್ಲಿ ಒಂದು ಹುಣಸೆ ಕೊಂಬೆ ಅಡ್ಡ ಬಂದರೆ ದೂರದಿಂದಲೇ ಬೆರಳು ತೋರಿಸಿ ಭಾಷಣ ಬಿಗಿಯುವವನು, ತನ್ನ ತಲೆಯ ಮೇಲಿನ ಟೆಂಪೊ ಸೊಪ್ಪನ್ನು ಒಂದು ದಿನವೆಲ್ಲ ತಂಪು ಎಂದು ಸವಿದಿದ್ದ. ಅವನು ನಗಲು ಶುರು ಮಾಡಿದ. ಪೇಟ ಜಾರಿ ಕಿವಿಯ ಮೇಲೆ ಬಂತು, ನಗು ನಿಲ್ಲಲಿಲ್ಲ. ಆಶಾರಾಣಿಗೂ ಅದು ಅಂಟಿತು. ಡ್ರೈವರು ಕನ್ನಡಿಯಲ್ಲಿ ನೋಡಿ, ಈ ಜೋಡಿ ಬಾಳುತ್ತದೆ ಎಂದುಕೊಂಡಿರಬೇಕು, ಹಾರ್ನು ಒತ್ತಿಯೇ ಒತ್ತಿದ.

ಮನೆಯ ಮುಂದೆ ಇಳಿದು ತಲೆ ಎತ್ತಿದಾಗ ಮಾತ್ರ ಅವನ ನಗು ಅರ್ಧಕ್ಕೆ ನಿಂತಿತು. ಡಿಶ್ಶೇ ಕಾಣಲಿಲ್ಲ. ಗೋಡೆಯ ಪಕ್ಕ ನೆಲದಿಂದ ಸೂರಿನ ಮೇಲಕ್ಕೆ ಗಟ್ಟಿ ಕಬ್ಬಿಣದ ಪೈಪೊಂದು ತಯಾರಾಗಿ ನಿಂತಿರುವುದನ್ನು ಕಂಡ ಮುತ್ತಯ್ಯ ಅದನ್ನೇ ಚಪ್ಪರದ ಕಂಬ ಮಾಡಿಕೊಂಡಿದ್ದ. ಒಂದು ಬದಿಗೆ ಗೊನೆ ಬಾಳೆ, ಇನ್ನೊಂದು ಬದಿಗೂ ಗೊನೆ ಬಾಳೆ. ನಡುವೆ ಆ ಬಿಳೀ ತಟ್ಟೆ ಮದುವೆ ಮನೆಯಲ್ಲಿ ಬೋಳಾಗಿ ಕಾಣಬಾರದೆಂದು ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮಾವಿನ ತೋರಣ ಸುತ್ತಿ, ಮೇಲೆ ತೆಂಗಿನ ಗರಿ ಹೊದೆಸಿದ್ದ. ಅಡ್ಡ ಇದೆಯಾ ಎಂದರೆ ಏನು ಹೇಳಬೇಕಿತ್ತು ಪಾಪ ಅವನು? ಅಡ್ಡವೆಂದರೆ ಕಾಗೆ ಗೂಡು, ಹರಿದ ಗಾಳಿಪಟ. ಚಪ್ಪರ ಎಲ್ಲಾದರೂ ಅಡ್ಡ ಬರುವುದುಂಟೆ? ಮದುವೆ ನಡೆಯುವುದೇ ಅದರ ಕೆಳಗೆ.

ಕಿತ್ತು ಹಾಕಿ ಎಂದ ಮಾದಸ್ವಾಮಿ. ಬಾಗಿಲ ಬಳಿ ಆರತಿ ತಟ್ಟೆ ಹಿಡಿದು ನಿಂತಿದ್ದ ರಾಮಮ್ಮ, ಕಂಕಣ ಬಿಚ್ಚುವ ತನಕ ಚಪ್ಪರದ ಒಂದು ಎಲೆಯನ್ನೂ ಮುಟ್ಟುವಂತಿಲ್ಲ ಎಂದಳು. ಕಂಕಣ ಬಿಚ್ಚುವುದು ಯಾವಾಗ? ಮನೆಯೊಳಗೆ ಹೋದ ಮೇಲೆ. ಮನೆಯೊಳಗೆ ಹೋಗುವುದು ಯಾವಾಗ? ಅಕ್ಕ ಕೇಳಿದ ಮೇಲೆ. ಅಕ್ಕ ಕೇಳುವುದು ಯಾವಾಗ? ಚಪ್ಪರ ತೆಗೆದ ಮೇಲೆ. ನೆಂಟರು ಇದನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಹೇಳಿಕೊಂಡು ನೋಡಿದರು, ಎಲ್ಲಿಂದ ಹಿಡಿದರೂ ಗಂಟು ಅಲ್ಲೇ. ಹೊಸಲಿಗೆ ಅಡ್ಡವಾಗಿ ಸ್ಟೂಲಿನ ಮೇಲಿದ್ದ ಟಿವಿಯಲ್ಲಿ ಪದ್ಮಿನಿ ಚೌಕ ಚೌಕವಾಗಿ ಒಂದೇ ಭಂಗಿಯಲ್ಲಿ ನಿಂತಿದ್ದಳು. ಚಿಕ್ಕಪ್ಪನ ಮಗಳನ್ನು ಕರೆಯೋಣವೇ ಎಂದು ಯಾರೋ ಮೆಲ್ಲಗೆ ಎಂದರು. ಮಾದಸ್ವಾಮಿ ಚಪ್ಪರದ ಕೆಳಗೆ ಮಣ್ಣಿನ ಮೇಲೆ ಕೂತೇಬಿಟ್ಟ.

ಕೂತವನ ಕಣ್ಣಿಗೆ ಬಿದ್ದದ್ದು ಪೈಪಿನ ಬುಡದ ಕೇಬಲ್ ಸುರುಳಿ. ಎರಡು ಸುತ್ತು. ಬೇಕಾದ್ದಕ್ಕಿಂತ ಒಂದು ಮಾರು ಉದ್ದ.

ಎದ್ದು ನಿಂತ. ಚಪ್ಪರ ಇರಲಿ, ಡಿಶ್ಶು ಚಪ್ಪರವಲ್ಲವಲ್ಲ, ಅದನ್ನು ಬಿಚ್ಚಬಹುದೇ ದೊಡ್ಡವ್ವ ಎಂದ. ರಾಮಮ್ಮ ತಡೆದು ತಡೆದು, ಡಿಶ್ಶಿನ ವಿಚಾರ ಶಾಸ್ತ್ರದಲ್ಲಿ ಇಲ್ಲ ಎಂದು ತೀರ್ಪಿತ್ತಳು. ಅಷ್ಟು ಸಾಕಾಯಿತು. ಕಂಕಣದ ಕೈಯವನು ಏಣಿ ಹತ್ತುವಂತಿಲ್ಲ, ಮುತ್ತಯ್ಯನೇ ಪಂಚೆ ಮೇಲೆ ಕಟ್ಟಿಕೊಂಡ. ಮಾಡಿದ್ದುಣ್ಣೋ ಮಹರಾಯ ಎಂದು ಯಾರೋ ಕಿಚಾಯಿಸಿದರು. ಆಮಾ ಆಮಾ, ಹೌದಪ್ಪ, ನಾನೇ ಉಣ್ತೀನಿ ಎನ್ನುತ್ತ ಅವನು ಗರಿಯ ಸಂದಿಯಲ್ಲಿ ಕೈ ತೂರಿಸಿ ಡಿಶ್ಶು ಬಿಚ್ಚಿ, ಅದನ್ನು ಬಿದಿರು ಗಳದ ತುದಿಗೆ ಬಿಗಿದು, ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಚಪ್ಪರದ ಹಸಿರಿನ ಮೇಲಕ್ಕೆ ಎತ್ತಿದ. ಅರಿಶಿನ ಕುಂಕುಮದ ಡಿಶ್ಶು ಕಂಸಾಳೆಯವರ ದೊಡ್ಡ ತಾಳದ ಹಾಗೆ ಬಿಸಿಲಿಗೆ ಥಳಗುಟ್ಟಿತು. ಕೆಳಗಿನಿಂದ ಎಡಕ್ಕೆ ಮಾವ, ಬಲಕ್ಕೆ ಮಾವ, ಒಂಚೂರು ಬಗ್ಗಿಸಿ ಮಾವ ಎಂದು ಇಡೀ ಮದುವೆ ದಿಬ್ಬಣವೇ ಕೂಗತೊಡಗಿತು. ಆಶಾರಾಣಿ ಗಂಡನ ಫೋನು ಹಿಡಿದುಕೊಂಡು ಜ್ವರ ನೋಡುವವಳ ಹಾಗೆ ಅಂಕಿ ಹೇಳಿದಳು. ಐದು. ಹನ್ನೆರಡು. ಮೂವತ್ತು. ಐವತ್ತು ದಾಟಿತು ಎಂದಾಗ ಬೀದಿಯವರು ಸಿಳ್ಳೆ ಹೊಡೆದರು.

ಟಿವಿಯಲ್ಲಿ ಚೌಕಗಳು ಒಂದಕ್ಕೊಂದು ಕೂಡಿಕೊಂಡವು. ಪದ್ಮಿನಿ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟುಕೊಂಡು. ಎರಡೂ ಕೈ ಚೌಕಟ್ಟಿನ ಎರಡೂ ಬದಿಗೆ ಚಾಚಿದ್ದಳು. ಪಕ್ಕದಲ್ಲಿ ನಾಗರಾಜು ಮಗುವನ್ನು ಎತ್ತಿಕೊಂಡಿದ್ದ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ ಮಾದಪ್ಪನಿಗೇ ಗೊತ್ತು. ಎಲ್ಲರೂ ಟಿವಿಯ ಕಡೆ ಬಗ್ಗಿದರು.

ಅವಳು ಅಲುಗಲಿಲ್ಲ. ಬಾಯಿ ತೆರೆಯಲಿಲ್ಲ.

ಮತ್ತೆ ಸಿಕ್ಕಿಹಾಕಿಕೊಂಡಿತು ಎಂದು ಯಾರೋ ಅಂದದ್ದೇ ತಡ, ಎಡಕ್ಕೆ ಬಲಕ್ಕೆ ಮತ್ತೆ ಶುರುವಾಯಿತು. ಮುತ್ತಯ್ಯ ಏಣಿಯ ಮೇ‍ಲೆ ಗಳ ಹಿಡಿದು ಕುಣಿದ. ಅಷ್ಟರಲ್ಲಿ ಟಿವಿಯೊಳಗಿನ ಮಗು ಪುಟ್ಟದಾಗಿ ಸೀನಿತು.

"ಸುಮ್ಕಿರಿ ಎಲ್ರೂವ" ಎಂದಳು ಆಶಾರಾಣಿ. ಆಮೇಲೆ ಗಂಡನಿಗೆ ಮಾತ್ರ ಕೇಳಿಸುವಂತೆ ಹೇಳಿದಳು. "ನೆಟ್ಟು ಸರಿಯಾಗೇ ಅದ. ಅತ್ಗ ಅಳ್ತಾವ್ರ."

ಮಾದಸ್ವಾಮಿ ಹತ್ತಿರ ಹೋಗಿ ನೋಡಿದ. ಅಕ್ಕನ ಗಲ್ಲದಿಂದ ಒಂದು ಹನಿ ಜಾರಿತು, ಅದರ ಹಿಂದೆ ಇನ್ನೊಂದು. ಸೊಂಟದ ಮೇಲೆ ಹೊತ್ತು ತಿರುಗಿದವನು ಬಾಸಿಂಗ ಕಟ್ಟಿಕೊಂಡು, ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿಕೊಂಡು, ಅವಳು ಬಿಟ್ಟರೆ ಉಂಟು ಇಲ್ಲವಾದರೆ ಇಲ್ಲ ಎಂದು ಬಾಗಿಲಲ್ಲಿ ನಿಂತಿದ್ದ. ಇಷ್ಟು ವರ್ಷ ಬಾಯಿಪಾಠ ಮಾಡಿದ ಮಾತು ಒಂದೂ ಅವಳ ನಾಲಿಗೆಗೆ ಬರುತ್ತಿರಲಿಲ್ಲ.

ಅವನಿಗೂ ತಡೆಯಲಾಗಲಿಲ್ಲ. "ಕೇಳಕ್ಕ. ಕೊಡ್ತೀನಿ. ನೀ ಯಾನ್ ಕೇಳುದ್ರೂ ಕೊಡ್ತೀನಿ."

ಪದ್ಮಿನಿ ಅವನ ಮುಖವನ್ನೇ ನೋಡುತ್ತಿದ್ದಳು. ಬಾಡಿದ ಕೆನ್ನೆ, ಒಣಗಿದ ತುಟಿ. ಆ ಮುಖ ಅವಳಿಗೆ ಹೊಸದೇನಲ್ಲ. ಕೊನೆಗೆ ಬಾಯಿ ಬಿಟ್ಟಳು.

"ಲೇ ಮಾದ, ಉಂಡ್ಯೇನ್ಲಾ?"

ಮದುವೆ ಮನೆಗೆ ಮದುವೆ ಮನೆಯೇ ಗೊಳ್ಳೆಂದಿತು. ಮಾದಸ್ವಾಮಿ ಇಲ್ಲವೆಂದು ತಲೆ ಅಲ್ಲಾಡಿಸಿದ, ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟ. ಎರಡೇ ತುತ್ತು ಅತ್ಗೆ, ನಾನು ನೋಡ್ತಿದ್ದೆ ಎಂದು ಆಶಾರಾಣಿ ಚಾಡಿ ಹೇಳಿದಳು.

"ಅಂಗಾದ್ರ ಇನ್ಯಾಕ ನಿಂತಿದ್ದೈ? ಒಳಕ್ಕ ಓಗಿ, ಮೊದ್ಲು ಉಣ್ಣಿ" ಎಂದು ಪದ್ಮಿನಿ ಬಾಗಿಲಿಗೆ ಚಾಚಿದ್ದ ಎರಡೂ ಕೈ ಇಳಿಸಿಬಿಟ್ಟಳು.

ಹೆಣ್ಣು ಕೇಳುವುದು ಮರೆತೇ ಹೋಯಿತು. ಹೈಕೋರ್ಟಿನ ಕಡೆ ಎಲ್ಲರೂ ನೋಡಿದರು. ರಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅಕ್ಕ ಬಾಯಿಬಿಟ್ಟು ಕೇಳಿದಳು, ತಮ್ಮ ಉತ್ತರ ಕೊಟ್ಟ, ಕೈ ಇಳಿಯಿತು, ಇದಕ್ಕಿಂತ ಇನ್ನೇನು ಶಾಸ್ತ್ರ ಎಂದಳು. ಸ್ಟೂಲು ಸರಿಸಿದರು. ಆಶಾರಾಣಿ ಅಕ್ಕಿ ಸೇರನ್ನು ಎಷ್ಟು ಜೋರಾಗಿ ಒದ್ದಳೆಂದರೆ ಅಕ್ಕಿ ನಡುಮನೆಯ ತನಕ ಚೆಲ್ಲಿತು. ಗಂಡುಹೆಣ್ಣಿಗೆ ಎಲೆ ಹಾಕಿ, ಅಕ್ಕ ನೋಡಲಿ ಎಂದು ಟಿವಿಯನ್ನು ಹೊತ್ತು ತಂದು ಎಲೆಯ ಮುಂದೆಯೇ ಇಟ್ಟರು. ಇನ್ನೊಂದು ಒಬ್ಬಟ್ಟು ಹಾಕಿ, ತುಪ್ಪ ಸಾಲದು ಎಂದು ಪದ್ಮಿನಿ ಹಳ್ಳದಾಚೆಯಿಂದ ಬಡಿಸುವವರನ್ನು ಆಳುತ್ತಿದ್ದಳು.

ಏಣಿಯ ಮೇಲಿಂದ ಮುತ್ತಯ್ಯ ಕೂಗಿದ. ಕೈ ಸೋತಿತ್ತು ಪಾಪ. "ಎಣ್ಣು ಕೊಟ್ಟಾಯ್ತಾ? ನಾನಿಳೀಲಾ?"

ಬಾಯಿ ತುಂಬ ಒಬ್ಬಟ್ಟು ತುಂಬಿಕೊಂಡಿದ್ದ ಮಾದಸ್ವಾಮಿ, ಉಂಡು ಮುಗಿಯುವ ತನಕ ಅಲ್ಲಾಡಬ್ಯಾಡಿ ಮಾವ ಎಂದ. ಎರಡೂ ಕೈಯಲ್ಲಿ ಗಳ ಹಿಡಿದಿದ್ದ ಮುತ್ತಯ್ಯನಿಗೆ ಯಾರೋ ಏಣಿ ಹತ್ತಿ ಹೋಗಿ ಒಬ್ಬಟ್ಟು ತಿನ್ನಿಸಿ ಬಂದರು.